ಹಿಮ್ಮಡಿಯ ಬಂಗಾರ

ಶೀತಲಳ ಮೂಗಿನಲ್ಲಿ ಬಂಗಾರದ ಬಟ್ಟು ಕಂಡ ದಿನ ತಾರವ್ವನಿಗೆ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ.

ಶೀತಲ ಬೇರೆ ಯಾರೂ ಅಲ್ಲ, ಆಕೆಯ ನೆಗೆಣ್ಣಿ. ಮೈದುನ ಅಜಯನ ಹೆಂಡತಿ. ಮುಧೋಳದ ಒಂದೇ ಕೇರಿ, ಇಬ್ಬರ ಮನೆಗೂ ಒಂದೇ ಗೋಡೆ. ಇಬ್ಬರೂ ಗಟಾರ ಬಳಿಯುವ ಗುತ್ತಿಗೆ ಕೆಲಸಕ್ಕೆ ಸೇರಿದವರು. ಗುತ್ತಿಗೆದಾರ ಒಬ್ಬನೇ, ಕೆಲಸ ಮಾಡಿಸುವ ಮುಕಾದಮ ಒಬ್ಬನೇ, ಪಗಾರವೂ ಒಂದೇ. ಹಾಗಿದ್ದ ಮೇಲೆ ಒಬ್ಬಳ ಮೂಗಿಗೆ ಬಂಗಾರ ಎಲ್ಲಿಂದ ಬಂತು? ಇನ್ನೊಬ್ಬಳ ಕೊರಳಿಗೆ ಯಾಕೆ ಬರಲಿಲ್ಲ?

ತಾರವ್ವನ ಕೊರಳಲ್ಲೂ ಒಂದು ಕಾಲಕ್ಕೆ ತಾಳಿ ಇತ್ತು, ಗುಂಡು ಇದ್ದವು. ಗಂಡ ಮುತ್ತಪ್ಪ ಕಬ್ಬಿನ ಲಾರಿಯ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡ. ಮಿರಜದ ದವಾಖಾನೆಗೆ ಒಯ್ದರು. ಗಂಡ ತಿರುಗಿ ಬಂದ, ಬಂಗಾರ ಬರಲಿಲ್ಲ. ಅಂದಿನಿಂದ ತಾಳಿಯ ಜಾಗದಲ್ಲಿ ದಾರಕ್ಕೆ ಒಂದು ಅರಿಸಿಣ ಕೊಂಬು ಕಟ್ಟಿಕೊಂಡಿದ್ದಳು. ಬೆವರು, ಗಟಾರದ ನೀರು ತಾಗಿ ಅದು ಕೊಳೆಯುತ್ತಿತ್ತು. ಕೊಳೆತಾಗ ಕಿತ್ತು ಹೊಸದು ಕಟ್ಟಿಕೊಳ್ಳುತ್ತಿದ್ದಳು. ಮುತ್ತಪ್ಪ ಕೋಲು ಹಿಡಿದು ಕಟ್ಟೆಯ ತನಕ ಹೋಗುತ್ತಿದ್ದ, ಕಟ್ಟೆಯಿಂದ ಮನೆಗೆ ಬರುತ್ತಿದ್ದ. ಅಷ್ಟೇ ಆತನ ಊರು.

ಅಜಯನದು ಹಾಗಲ್ಲ. ತಿಮ್ಮಾಪುರದಲ್ಲಿ ಬೇಟೆನಾಯಿ ಸಾಕುವಲ್ಲಿ ಆತನಿಗೆ ಕೆಲಸ. ನಾಯಿಗಳಿಗೆ ಉಣ್ಣಿಸುತ್ತಾನೆ, ಗೂಡು ತೊಳೆಯುತ್ತಾನೆ. ತಿಂಗಳಾದರೆ ಕೈಗೆ ಪಗಾರ. ಇಸ್ತ್ರಿ ಅಂಗಿ ಹಾಕಿಕೊಂಡು ಬಸ್ಸು ಹತ್ತುತ್ತಾನೆ. ಅದನ್ನು ನೋಡಿದರೂ ತಾರವ್ವನ ಎದೆಯಲ್ಲಿ ಏನೋ ಚುರ್ ಅನ್ನುತ್ತಿತ್ತು. ಈಗ ಈ ಮೂಗುಬಟ್ಟು.

ಅತ್ತೆ ತಂಗೆವ್ವನಿಗೆ ಕಣ್ಣು ಮಂಜಾಗಿದ್ದವು. ಬೆರಳಿನಿಂದ ಕಿರಿಸೊಸೆಯ ಮೂಗು ಸವರಿ ನೋಡಿದಳು.

"ಖರೇ ಬಂಗಾರ ಏನ ಇದು?"

"ಖರೇನ ಅತ್ತಿ. ಜಮಖಂಡ್ಯಾಗ ಮಾಡಿಸೇನಿ."

"ಛಲೋ ಆತು ಬಿಡು. ಈ ಮನ್ಯಾಗ ಒಬ್ಬಾಕಿ ಮೈಮ್ಯಾಲರ ಬಂಗಾರ ಐತೆಲ್ಲ."

ಒಬ್ಬಾಕಿ ಅನ್ನುವ ಮಾತು ತಾರವ್ವನಿಗೆ ಮುಳ್ಳಿನ ಹಾಗೆ ನಾಟಿತು. ಎದ್ದು ಹೊರಗೆ ಹೋದಳು. ಕೇರಿಯ ಹೆಂಗಸರು ಆಗಲೇ ಶೀತಲಳ ಮೂಗು ನೋಡಲು ಬರುತ್ತಿದ್ದರು. "ಎಷ್ಟ ಛಂದ ಕಾಣತೈತಿ" ಅನ್ನುತ್ತಿದ್ದರು. ಸಾಸಿವೆ ಕಾಳಿಗಿಂತ ಒಂದಿಷ್ಟು ದೊಡ್ಡದು. ಅಷ್ಟಕ್ಕೇ ಆಕೆಯ ಮುಖ ಬೇರೆಯಾಗಿತ್ತು. ತಲೆ ಎತ್ತಿ ಮಾತಾಡುತ್ತಿದ್ದಳು. ತಾರವ್ವನಿಗೆ ಆ ಮೂಗು ಹಿಡಿದು ತಿರುವಬೇಕು ಅನಿಸಿತು.

*

ಬಂಗಾರ ಎಲ್ಲಿರುತ್ತದೆ ಅಂತ ತಾರವ್ವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅದು ಗಟಾರದಲ್ಲಿರುತ್ತದೆ.

ಅಕ್ಕಸಾಲಿಗರು ಅರದಿಂದ ಉಜ್ಜುವಾಗ ಪುಡಿ ಹಾರುತ್ತದೆ. ಅಂಗಿಗೆ, ಕೂದಲಿಗೆ, ಉಗುರಿಗೆ ಕೂರುತ್ತದೆ. ಕೈ ತೊಳೆದ ನೀರು, ನೆಲ ಒರೆಸಿದ ನೀರು ಮೋರಿಗೆ ಬೀಳುತ್ತದೆ. ಅದಕ್ಕೇ ಬಂಗಾರದಂಗಡಿಗಳ ಸರಾಫ ಗಲ್ಲಿಯ ಗಟಾರಕ್ಕೆ ಬೇರೆ ಮರ್ಯಾದೆ. ಊರಿನ ಉಳಿದ ಗಟಾರದ ರಾಡಿ ಟ್ರ್ಯಾಕ್ಟರ್ ಹತ್ತಿ ಊರಾಚೆ ತಿಪ್ಪೆಗೆ ಹೋಗುತ್ತದೆ. ಈ ಗಲ್ಲಿಯದನ್ನು ಚೀಲದಲ್ಲಿ ತುಂಬಿ, ಬಾಯಿ ಹೊಲಿದು, ಜ್ಞಾನೇಶ್ವರ ಶೇಟಜಿಯ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಡಬೇಕು. ಶೇಟಜಿ ಗಲ್ಲಿಯ ಅಂಗಡಿಕಾರರಿಗೆಲ್ಲ ಹಿರಿಯ. ಸಾಂಗಲಿ ಕಡೆಯ ಜನ ಬಂದು ಆ ಚೀಲ ಕೊಳ್ಳುತ್ತಾರೆ, ತೊಳೆದು ಬಂಗಾರ ತೆಗೆಯುತ್ತಾರೆ.

ಗಟಾರದಲ್ಲಿ ಇಳಿಯುವುದು ಮಾತ್ರ ತಾರವ್ವ, ಮನೀಷಾ, ಅವರಂಥ ಕೇರಿಯ ಹೆಂಗಸರು. ಸಲಿಕೆ ಹೋಗದ ಜಾಗಕ್ಕೆ ಕೈ ಹಾಕಬೇಕು. ಮೊಣಕೈ ತನಕ ಕಪ್ಪು. ಬ್ಲೇಡು ಇರುತ್ತದೆ, ಗಾಜು ಇರುತ್ತದೆ, ಸತ್ತ ಇಲಿ ಇರುತ್ತದೆ. ಆ್ಯಸಿಡ್ ಬೆರೆತ ನೀರಿಗೆ ಬೆರಳ ಸಂದಿ ಸುಲಿದು ಹೋಗುತ್ತದೆ. ಉಣ್ಣುವಾಗ ರೊಟ್ಟಿಗಿಂತ ಮೊದಲು ಕೈಯ ನಾತ ಬಾಯಿಗೆ ಬರುತ್ತದೆ.

ಕೆಲಸ ಮುಗಿದ ಮೇಲೆ ನೀಲಿ ಟಬ್ಬು ಬರುತ್ತಿತ್ತು. ಮುಕಾದಮ ದುಂಡೇಶ ಅದನ್ನು ಅಂಗಡಿಯ ಮೆಟ್ಟಿಲ ಕೆಳಗೆ ಇಡುತ್ತಿದ್ದ. ಹೆಂಗಸರು ಸಾಲಾಗಿ ನಿಂತು ಅದರಲ್ಲಿ ಕೈಕಾಲು ತೊಳೆಯಬೇಕು. ಉಗುರು ತೋರಿಸಬೇಕು. ಸೆರಗು ಬಿಚ್ಚಿ ಝಾಡಿಸಬೇಕು. ತೊಳೆದ ನೀರನ್ನು ದುಂಡೇಶ ಒಂದು ಹನಿ ಚೆಲ್ಲದಂತೆ ಕ್ಯಾನಿಗೆ ಸುರಿಯುತ್ತಿದ್ದ. ಆ ಕ್ಯಾನಿಗೂ ಬೀಗದ ಕೋಣೆ.

ಮೆಟ್ಟಿಲು ಮುಟ್ಟಿದರೆ ಮೈಲಿಗೆ ಅನ್ನುವ ಜನ. ಕುಡಿಯಲು ನೀರು ಕೇಳಿದರೆ ಎತ್ತರದಿಂದ ಬೊಗಸೆಗೆ ಹೊಯ್ಯುವ ಜನ. ಇವರ ಕಾಲು ತೊಳೆದ ನೀರನ್ನು ಮಾತ್ರ ಜೋಪಾನ ಮಾಡುತ್ತಿದ್ದರು. ತಾರವ್ವ ಈ ಬಗ್ಗೆ ಯೋಚಿಸಿದವಳಲ್ಲ. ಕೆಲಸ ಅಂದರೆ ಹೀಗೇ ಅಂದುಕೊಂಡಿದ್ದಳು.

ಯುಗಾದಿಗೆ ಮುಂಚೆ ಶೇಟಜಿಯ ಅಂಗಡಿಯ ಒಳಗೆ ಕಸ ಹೊಡೆಯಲು ಒಬ್ಬ ಹೆಂಗಸು ಬೇಕಾದಳು. ಮಹಡಿಯ ಮೇಲೆ ಬಂಗಾಲದ ಕೆಲಸಗಾರರು ಕೂತು ಒಡವೆ ಮಾಡುತ್ತಾರೆ. ಆ ನೆಲ ಗುಡಿಸಬೇಕು. ನೆರಳು, ಫ್ಯಾನು, ಒಣ ನೆಲ. ತಾರವ್ವನೇ ಎಲ್ಲರಿಗಿಂತ ಹಳಬಳು. ಕೆಲಸ ತನಗೇ ಅಂತ ನಂಬಿದ್ದಳು. ದುಂಡೇಶ ಶೀತಲಳನ್ನು ಕರೆದ.

"ನಾ ಹಳಬಾಕಿ ಅದೀನ್ರಿ" ಅಂದಳು ತಾರವ್ವ.

"ನೀ ನಾರ್ತಿ ಬೇ ತಾರವ್ವ. ಗಿರಾಕಿ ಬರೂ ಜಾಗ ಅದು."

ಎಲ್ಲರ ಎದುರು ಅಂದ. ನಗುತ್ತ ಅಂದ. ಯಾರ ಗಟಾರ ಬಳಿದು ನಾರುತ್ತೇನೆ ಅಂತ ತಾರವ್ವ ಕೇಳಲಿಲ್ಲ. ಆಕೆಯ ಸಿಟ್ಟು ದುಂಡೇಶನ ಕಡೆ ತಿರುಗಲೇ ಇಲ್ಲ. ಅದು ನೇರವಾಗಿ ಹೋಗಿ ಶೀತಲಳ ಮೇಲೆ ಬಿತ್ತು. ನಿನ್ನೆ ಮೊನ್ನೆ ಬಂದಾಕಿ. ನೆಟ್ಟಗೆ ಸಲಿಕೆ ಹಿಡಿಯಲು ಬಾರದಾಕಿ. ಆಕೆಗೆ ಫ್ಯಾನಿನ ಗಾಳಿ, ನನಗೆ ರಾಡಿ. ಅಲ್ಲಿಂದ ಒಳಗೆ ಒಂದು ಬೆಂಕಿ ಕೂತಿತು. ಮೂಗುಬಟ್ಟು ಬಂದು ಅದಕ್ಕೆ ಎಣ್ಣೆ ಹೊಯ್ದಿತು.

*

ರಜೆಯ ದಿನ ತಾರವ್ವ ಗೋಡೆಯಾಚೆ ಹೋದಳು. ಉಪ್ಪು ಕೇಳುವ ನೆಪ. ಆ ಬಂಗಾರ ಎಲ್ಲಿಂದ ಬಂತು ಅಂತ ನೋಡಬೇಕಾಗಿತ್ತು.

ಶೀತಲ ಹಿತ್ತಲಲ್ಲಿ ಕಲ್ಲಿನ ಮೇಲೆ ಕೂತಿದ್ದಳು. ಮುಂದೆ ಒಂದು ಪರಾತ, ಅದರಲ್ಲಿ ಬೆಚ್ಚನೆಯ ನೀರು, ನೀರಿನಲ್ಲಿ ಒಂದು ಕಾಲು. ಇನ್ನೊಂದು ಕಾಲು ಎತ್ತಿ ತೊಡೆಯ ಮೇಲಿಟ್ಟುಕೊಂಡು ಎಣ್ಣೆ ಹಚ್ಚಿದ ಅರಿವೆಯ ಚೂರಿನಿಂದ ಹಿಮ್ಮಡಿಯ ಬಿರುಕುಗಳನ್ನು ಒಂದೊಂದಾಗಿ ಉಜ್ಜುತ್ತಿದ್ದಳು. ನೋವಿಗೆ ಹಲ್ಲು ಕಚ್ಚಿದ್ದಳು.

"ಬಾ ಯಕ್ಕಾ, ಕುಂದ್ರು" ಅಂದಳು. ಏನನ್ನೂ ಮುಚ್ಚಿಡಲಿಲ್ಲ.

"ಏನ ಮಾಡಾಕತ್ತೀ?"

"ಬಂಗಾರ ತಗ್ಯಾಕತ್ತೇನಿ."

ತಾರವ್ವ ನಿಂತೇ ಇದ್ದಳು.

"ಬರಿಗಾಲೀಲೆ ಗುಡಸ್ತೇನಿ ಯಕ್ಕಾ. ಚಪ್ಪಲಿ ಹಾಕ್ಕೊಳ್ಳಾಕ ಬಿಡಂಗಿಲ್ಲ. ಪುಡಿ ಹೋಗಿ ಬಿರುಕಿನ್ಯಾಗ ಕುಂದರತೈತಿ. ಸಂಜಿಕ ಟಬ್ಬಿನ್ಯಾಗ ತೊಳಸ್ತಾರ, ನೀರು ಅಷ್ಟ ಒಳಗ ಹೋಗಂಗಿಲ್ಲ. ಮನಿಗೆ ಬಂದು ನಾ ತಗೀತೇನಿ. ಈ ಅರಿವಿ ಸುಟ್ಟು ಬೂದಿ ಡಬ್ಬ್ಯಾಗ ಹಾಕಿ ಇಡತೇನಿ. ಜಮಖಂಡ್ಯಾಗ ನಮ್ಮಪ್ಪನ ಗುರ್ತಿನ ಅಕ್ಕಸಾಲಿ ಅದಾನ. ಅಂವ ಕರಗಿಸಿ ಕೊಟ್ಟ." ಮೂಗು ಮುಟ್ಟಿಕೊಂಡಳು. "ಇದು ಅದ."

"ಇದು ಕಳವ ಅಲ್ಲೇನ?"

ಶೀತಲ ತಲೆ ಎತ್ತಿ ನೋಡಿದಳು. "ಕಾಲು ಒಡದಿದ್ದು ಅವರ ಕೆಲಸಕ್ಕ. ಒಡದ ಜಾಗದಾಗ ಕುಂತಿದ್ದು ನಂದು. ಏನ ಕಳವ ಇದರಾಗ?" ಆಮೇಲೆ ದನಿ ಇಳಿಸಿ ಅಂದಳು, "ನೀನೂ ಮಾಡ ಯಕ್ಕಾ. ನಿನ್ನ ಹಿಮ್ಮಡಿ ನನಗಿಂತ ಹೆಚ್ಚ ಒಡದಾವು. ಸಾವಕಾಶ ಒಂದ ತಾಳಿ ಅಷ್ಟರ ಆಗತೈತಿ."

ಒಳ್ಳೆಯ ಮನಸ್ಸಿನಿಂದಲೇ ಅಂದಿದ್ದಳು. ತಾರವ್ವನಿಗೆ ಅದೇ ಹೆಚ್ಚು ಸುಟ್ಟಿತು. ಸಣ್ಣಾಕಿ ದೊಡ್ಡಾಕಿಗೆ ಬುದ್ಧಿ ಹೇಳುವುದು. ಉಳ್ಳಾಕಿ ಇಲ್ಲದಾಕಿಗೆ ದಾರಿ ತೋರಿಸುವುದು. ಉಪ್ಪು ಇಸಿದುಕೊಂಡು ಬಂದಳು.

ಆದರೂ ಮಾಡಿ ನೋಡಿದಳು. ಬಾಗಿಲು ಮುಚ್ಚಿಕೊಂಡು, ಮುತ್ತಪ್ಪನಿಗೂ ಕಾಣದ ಹಾಗೆ, ಹಿಮ್ಮಡಿ ಉಜ್ಜಿದಳು. ಕರಿ ರಾಡಿ ಬಂತು. ಕೀವು ಬಂತು. ಬಂಗಾರ ಬರಲಿಲ್ಲ. ಗಟಾರದ ನೀರಿನಲ್ಲಿ ದಿನವಿಡೀ ನೆನೆದ ಕಾಲಲ್ಲಿ ಏನು ನಿಲ್ಲುತ್ತದೆ? ಒಣ ಧೂಳು ಬೇಕು. ಒಳಗಿನ ಧೂಳು. ಒಳಗಿನ ಕೆಲಸ ಬೇಕು. ಒಳಗೆ ಶೀತಲ ಇರುವ ತನಕ ಅದು ಸಿಗುವುದಿಲ್ಲ.

ಚಹಾದಂಗಡಿಯ ಮುಂದೆ ದುಂಡೇಶ ಒಬ್ಬನೇ ನಿಂತಿದ್ದ. ತಾರವ್ವ ಹತ್ತಿರ ಹೋದಳು.

"ದುಂಡೇಶಣ್ಣಾ, ಒಳಗ ಗುಡಿಸೋರ ಹಿಮ್ಮಡಿ ನೋಡ್ರಿ."

"ಏನಂದಿ?"

"ಹಿಮ್ಮಡಿ. ಬಿರುಕಿನ್ಯಾಗ. ಆ ಮೂಗಬಟ್ಟ ಎಲ್ಲಿಂದ ಬಂತು ಅಂತ ಕೇಳ್ರಿ ಆಕೀನ."

ಅಷ್ಟೇ ಅಂದಳು. ತಿರುಗಿ ನೋಡದೆ ಬಂದಳು. ಮೈ ಹಗುರಾದಂತಿತ್ತು. ಅವತ್ತು ಹೊಟ್ಟೆ ತುಂಬ ಉಂಡಳು.

*

ಮರುದಿನ ಕೆಲಸ ಬಿಡುವ ಹೊತ್ತಿಗೆ ಶೀತಲಳನ್ನು ಮೆಟ್ಟಿಲ ಕೆಳಗೆ ಕೂರಿಸಿದರು. ಗಟಾರದ ಹೆಂಗಸರನ್ನೆಲ್ಲ ನಿಲ್ಲಿಸಿದರು. ಬಜಾರಿನ ಜನ ನಿಂತು ನೋಡುತ್ತಿದ್ದರು.

ಜ್ಞಾನೇಶ್ವರ ಶೇಟಜಿ ಮೇಲಿನ ಮೆಟ್ಟಿಲಲ್ಲಿ ನಿಂತಿದ್ದ. ಬಿಳಿ ಅಂಗಿ, ಹಣೆಗೆ ಗಂಧ. ಆತ ಎಂದೂ ಜೋರಾಗಿ ಮಾತಾಡುವವನಲ್ಲ.

"ಮೂಗಬಟ್ಟ ಬಿಚ್ಚು."

"ಇದು ನಂದ್ರಿ."

"ಬಿಚ್ಚ ಅಂದೆ. ಇಲ್ಲಂದ್ರ ಪೊಲೀಸರು ಬಂದು ಬಿಚ್ಚತಾರ."

ಶೀತಲ ಸುತ್ತ ನೋಡಿದಳು. ಎದುರಿಗೆ ತಾರವ್ವ ನಿಂತಿದ್ದಳು. ಶೀತಲಳ ಕಣ್ಣು ಆಕೆಯ ಮೇಲೆ ಒಂದು ಗಳಿಗೆ ನಿಂತು ಮುಂದೆ ಹೋಯಿತು. ಮೂಗಿಗೆ ಕೈ ಹೋಯಿತು. ತಿರುಪು ಬಿಗಿಯಾಗಿತ್ತು, ಬಿಚ್ಚಲಾಗಲಿಲ್ಲ. ಎಳೆದೇ ತೆಗೆದಳು. ಮೂಗಿನ ಹೊಳ್ಳೆಯಿಂದ ರಕ್ತ ಬಂತು.

ದುಂಡೇಶನ ಕೈಯಲ್ಲಿ ಒಂದು ಬ್ರಷ್ ಇತ್ತು. ಒಡವೆಗೆ ಹೊಳಪು ಬರಿಸುವ ಹಿತ್ತಾಳೆ ತಂತಿಯ ಬ್ರಷ್. ಶೀತಲಳ ಪಾದ ಹಿಡಿದು ಟಬ್ಬಿನ ಮೇಲೆ ಎಳೆದುಕೊಂಡು ಹಿಮ್ಮಡಿ ತಿಕ್ಕತೊಡಗಿದ. ಪಾತ್ರೆಯ ತಳ ತಿಕ್ಕಿದ ಹಾಗೆ. ತಂತಿ ಬಿರುಕಿನ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು. ಶೀತಲ ಮೊದಲು ಬಾಯಿ ಬಿಡಲಿಲ್ಲ. ಆಮೇಲೆ "ಯವ್ವಾ" ಅಂದಳು. ಆಮೇಲೆ ಅನ್ನುತ್ತಲೇ ಇದ್ದಳು. ಟಬ್ಬಿನ ನೀರು ಕೆಂಪಾಯಿತು.

ಒಂದು ಕಾಲು ಮುಗಿದ ಮೇಲೆ ಇನ್ನೊಂದು.

ಮನೀಷಾ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ತಾರವ್ವ ಮುಖ ಆಚೆ ತಿರುಗಿಸಿದಳು.

"ನೀರು ಚೆಲ್ಲಬ್ಯಾಡ" ಅಂದ ಶೇಟಜಿ.

ದುಂಡೇಶ ಆ ರಕ್ತದ ನೀರನ್ನೂ ಕ್ಯಾನಿಗೆ ಹೊಯ್ದ.

ಶೀತಲಳಿಗೆ ನಾಳೆಯಿಂದ ಕೆಲಸ ಇಲ್ಲ ಅಂದರು. ನೆಲ ಹಿಡಿದು ಎದ್ದಳು. ಹಿಮ್ಮಡಿ ಊರಲಾಗದೆ ತುದಿಗಾಲಲ್ಲಿ ನಡೆದಳು. ಮನೀಷಾ ಕೈ ಕೊಡಲು ಹೋದಳು, ಆಕೆ ಹಿಡಿಯಲಿಲ್ಲ. ತಾರವ್ವ ಹಿಂದೆ ಉಳಿದಳು. ಕೇರಿಯ ದಾರಿಯುದ್ದಕ್ಕೂ ಡಾಂಬರಿನ ಮೇಲೆ ಕೆಂಪು ಗುರುತು ಬಿದ್ದಿದ್ದವು. ಅವನ್ನು ತುಳಿಯದ ಹಾಗೆ ಬದಿಗೆ ಸರಿದು ನಡೆದಳು.

ಮನೆಯಲ್ಲಿ ತಂಗೆವ್ವ ಕೇಳಿದಳು, "ಸಣ್ಣಾಕಿ ಯಾಕ ಅಳಾಕತ್ತಾಳ?"

"ಗೊತ್ತಿಲ್ಲ" ಅಂದಳು ತಾರವ್ವ.

*

ಒಳಗಿನ ಕೆಲಸ ತಾರವ್ವನಿಗೆ ಬಂತು. "ಸೋಪು ಹಚ್ಚಿ ಝಳಕಾ ಮಾಡಿ ಬಾ" ಅಂದ ದುಂಡೇಶ.

ಬೇಕು ಬೇಕು ಅಂತ ಹೊಟ್ಟೆ ಉರಿದುಕೊಂಡಿದ್ದ ಜಾಗ ಅದು. ಹೋಗಿ ನೋಡಿದಳು. ಒಳಗೆ ಹೋಗುವ ಮೊದಲು ಉಟ್ಟ ಸೀರೆ ಬಿಚ್ಚಿಟ್ಟು ಅವರು ಕೊಟ್ಟ ಹಳೆಯ ಸೀರೆ ಉಡಬೇಕು. ವರ್ಷಕ್ಕೊಮ್ಮೆ ಆ ಸೀರೆಯನ್ನು ಸುಟ್ಟು ಬೂದಿಯಿಂದಲೂ ಬಂಗಾರ ತೆಗೆಯುತ್ತಾರಂತೆ. ಮಹಡಿಯಲ್ಲಿ ಆ್ಯಸಿಡ್ ಹೊಗೆ. ಕಣ್ಣು ಉರಿಯುತ್ತದೆ. ಕೆಮ್ಮು ಬಂದರೆ ಮೂಲೆಗೆ ಹೋಗಿ ಕೆಮ್ಮಬೇಕು, ಪುಡಿ ಹಾರಬಾರದು. ಮಣೆಗಳ ಕೆಳಗೆ ಹೊಟ್ಟೆಯ ಮೇಲೆ ತೆವಳಿ ಗುಡಿಸಬೇಕು. ಫ್ಯಾನು ಇತ್ತು. ಪುಡಿ ಹಾರುತ್ತದೆ ಅಂತ ಅದನ್ನು ಎಂದೂ ಹಚ್ಚುತ್ತಿರಲಿಲ್ಲ.

ಶೀತಲ ಇದೊಂದನ್ನೂ ಮನೆಯಲ್ಲಿ ಹೇಳಿರಲಿಲ್ಲ.

ಮಹಡಿಯಿಂದ ಇಳಿದು ಬರುವಾಗ ಕೆಳಗಿನ ಅಂಗಡಿ ಕಾಣುತ್ತಿತ್ತು. ಗಾಜಿನ ಕಪಾಟು, ಕೆಂಪು ಮಖಮಲ್ಲಿನ ಮೇಲೆ ಬೋರಮಾಳ ಸರ, ಬಳೆ, ಸೊಂಟಪಟ್ಟಿ. ಗೋಡೆಯ ಫಲಕದಲ್ಲಿ ಬಂಗಾರದ ಅವತ್ತಿನ ದರ. ಗಿರಾಕಿ ಹೆಂಗಸರು ಕನ್ನಡಿ ಮುಂದೆ ಕೊರಳು ತಿರುಗಿಸುತ್ತಿದ್ದರು. ತಾರವ್ವ ನಿಂತು ನೋಡಿದಳು. ಹೊಟ್ಟೆ ಉರಿಯಲಿಲ್ಲ. ಅವರ ಬಂಗಾರ ಅವರದು ಅನಿಸಿತು, ಅಷ್ಟೇ. ಇಷ್ಟು ದೊಡ್ಡ ಕಪಾಟು ಕಂಡು ಉರಿಯದ ಹೊಟ್ಟೆ, ಕಾಳಿನಷ್ಟು ಮೂಗುಬಟ್ಟು ಕಂಡು ಯಾಕೆ ಹಾಗೆ ಉರಿಯಿತು? ಈ ಪ್ರಶ್ನೆ ಆಕೆಯನ್ನು ಬಿಡಲಿಲ್ಲ. ಮಣೆ ಕೆಳಗೆ ತೆವಳುವಾಗಲೂ ಅದೇ, ರೊಟ್ಟಿ ಮುರಿಯುವಾಗಲೂ ಅದೇ.

ಒಂದು ಸಂಜೆ ಎಂದಿನಂತೆ ಟಬ್ಬು ಬಂತು. ಅದರ ಪಕ್ಕದಲ್ಲಿ ಬ್ರಷ್. ಶೀತಲಳ ಪ್ರಕರಣದ ನಂತರ ಅದು ಎಲ್ಲರಿಗೂ ಕಾಯ್ದೆಯಾಗಿತ್ತು. ಒಳಗಿನವರು, ಹೊರಗಿನವರು, ಯಾರನ್ನೂ ಬಿಡುತ್ತಿರಲಿಲ್ಲ. ಗಟಾರದ ಹೆಂಗಸರು ಒಬ್ಬೊಬ್ಬರಾಗಿ ತಿಕ್ಕಿಸಿಕೊಂಡು ಕುಂಟುತ್ತ ಸರಿಯುತ್ತಿದ್ದರು. ಮನೀಷಾ ಕೂತಲ್ಲೇ ಉಚ್ಚೆ ಹೊಯ್ದುಕೊಂಡಳು. ದುಂಡೇಶ ನಕ್ಕ.

"ತಾರವ್ವ, ಕಾಲ ಚಾಚು."

ಮೆಟ್ಟಿಲ ಕೆಳಗೆ ಕೂತಳು. ದುಂಡೇಶ ಬ್ರಷ್ ಎತ್ತಿದ. ತಂತಿಗಳ ಬುಡದಲ್ಲಿ ಚರ್ಮದ ಚೂರು ಒಣಗಿ ಸಿಕ್ಕಿಕೊಂಡಿದ್ದವು. ಯಾರ ಚರ್ಮ ಅಂತ ಹೇಳಲು ಬರುವಂತಿರಲಿಲ್ಲ. ಎಲ್ಲರದೂ ಇತ್ತು.

ತಾರವ್ವ ಕಾಲು ಒಳಗೆ ಎಳೆದುಕೊಂಡಳು.

"ಇಲ್ಲ."

"ಏನ ಇಲ್ಲ?"

"ಕೊಡಾಂಗಿಲ್ಲ ಕಾಲ."

ದುಂಡೇಶ ಪಾದಕ್ಕೆ ಕೈ ಹಾಕಿದ. ತಾರವ್ವ ಒದ್ದಳು. ಬ್ರಷ್ ಹಾರಿ ಗಟಾರಕ್ಕೆ ಬಿತ್ತು. ಆತ ಎದ್ದು ಕೆನ್ನೆಗೆ ಹೊಡೆದ. ಆಕೆ ಬೀಳಲಿಲ್ಲ. ವರ್ಷಾನುಗಟ್ಟಲೆ ರಾಡಿಯ ಚೀಲ ಹೊತ್ತ ಮೈ ಅದು.

ಗದ್ದಲ ಕೇಳಿ ಶೇಟಜಿ ಹೊರಗೆ ಬಂದ. "ಏನಾತು?"

"ಕಾಲ ಕೊಡವಲ್ಲಳ್ರಿ."

"ನೋಡವ್ವ ತಾರವ್ವ" ಅಂದ ಶೇಟಜಿ, ಅದೇ ಮೆಲ್ಲಗಿನ ದನಿಯಲ್ಲಿ. "ಬಂಗಾರ ಅಂದ್ರ ಹಂಗ ಇರತೈತಿ. ಅದು ನಿನ್ನ ಕಾಲಾಗ ಕುಂತರೂ ನಂದ."

"ಬಂಗಾರ ನಿಮ್ದು ಇರಲಿ. ಕಾಲು ನಂದು."

"ಹಂಗಾದ್ರ ಬಂಗಾರ ಹೆಂಗ ತಗೋಬೇಕು ನಾ?"

"ಅದನ್ನ ನೀವ ನೋಡ್ರಿ. ಗಟಾರದ ರಾಡಿ ನಾರಿದ್ರ ನಮ್ಮದು, ಹೊಳದ್ರ ನಿಮ್ಮದು. ಮುಟ್ಟಿದ್ರ ಮೈಲಿಗಿ, ಕಾಲು ತೊಳದ ನೀರು ಬೀಗದಾಗ. ಆಕೀ ರಕ್ತಾನೂ ಕ್ಯಾನಿಗೆ ಹೊಯ್ಕೊಂಡ್ರಿ. ಅದರಾಗ ಎಷ್ಟು ಬಂಗಾರ ಬಂತು?"

ಬಜಾರಿನಲ್ಲಿ ಜನ ನಿಂತಿದ್ದರು. ತಾರವ್ವ ಒಳಗೆ ಹೋಗಿ ಅವರ ಸೀರೆ ಬಿಚ್ಚಿ ಎಸೆದು, ತನ್ನ ಸೀರೆ ಉಟ್ಟು ಬಂದಳು. ಕಾಲು ತೊಳೆಯದೆ, ಟಬ್ಬು ದಾಟಿ, ಬಜಾರಿನ ನಡುವೆ ನಡೆದು ಹೋದಳು. ಹಿಂದೆ ಹೆಜ್ಜೆ ಸಪ್ಪಳವಾಯಿತು. ಒದ್ದೆ ಸೀರೆಯ ಮನೀಷಾ ಬರುತ್ತಿದ್ದಳು. ಆಕೆಯ ಹಿಂದೆ ಉಳಿದವರು.

*

ಸರಾಫ ಗಲ್ಲಿಯ ಗಟಾರಕ್ಕೆ ಯಾರೂ ಇಳಿಯಲಿಲ್ಲ. ದುಂಡೇಶ ಮೊದಲು ಬೈದ, ಆಮೇಲೆ ಹೆದರಿಸಿದ. ಬನಹಟ್ಟಿಯಿಂದ ಬೇರೆ ಆಳು ತಂದ. ಅವರು ಬ್ರಷಿನ ಸುದ್ದಿ ಕೇಳಿ ಬಂದ ಗಾಡಿಯಲ್ಲೇ ತಿರುಗಿ ಹೋದರು. ದೀಪಾವಳಿ ಹತ್ತಿರ ಬಂದಿತ್ತು. ಜನ ಬಂಗಾರ ಕೊಳ್ಳುವ ದಿನಗಳು. ಗಟಾರ ಕಟ್ಟಿಕೊಂಡು ನೀರು ಮೇಲೆ ಬಂತು. ಮೆಟ್ಟಿಲು ಹತ್ತಿತು. ಗಿರಾಕಿಗಳು ಮೂಗು ಮುಚ್ಚಿಕೊಂಡು ಬೇರೆ ಗಲ್ಲಿಗೆ ಹೊರಳಿದರು. ಹಬ್ಬಕ್ಕೆ ಮುಂಚೆ ದುಂಡೇಶ ಕೇರಿಯ ಬಾಯಿಗೆ ಬಂದು ನಿಂತ.

"ಏನ ಬೇಕು ನಿಮಗ?"

ಹೆಂಗಸರು ತಾರವ್ವನ ಮುಖ ನೋಡಿದರು.

"ಟಬ್ಬು ಬ್ಯಾಡ, ಬ್ರಷ್ ಬ್ಯಾಡ. ಶೀತಲನ್ನ ಕೆಲಸಕ್ಕ ತಗೋಬೇಕು. ಆಕೀ ಮೂಗಬಟ್ಟ ಆಕೀಗೆ ಬರಬೇಕು."

ಶೇಟಜಿ ಟಬ್ಬಿಗೆ, ಬ್ರಷಿಗೆ ಒಪ್ಪಿದ. ಮೂಗುಬಟ್ಟಿಗೂ ಒಪ್ಪಿದ. ಶೀತಲಳನ್ನು ಮಾತ್ರ ಒಲ್ಲೆ ಅಂದ. ಮನೀಷಾ ಹಟ ಹಿಡಿದಳು. ಶೀತಲಳೇ ಮನೆಯೊಳಗಿನಿಂದ ಹೇಳಿ ಕಳಿಸಿದಳು, ಆ ಗಲ್ಲಿಯ ಮುಖ ನೋಡುವುದಿಲ್ಲ ಅಂತ. ಆಕೆ ಆಗಲೇ ಟಮ್‌ಟಮ್ ಗಾಡಿ ಹತ್ತಿ ಚಿಮ್ಮಡದ ಹೊಲಗಳಿಗೆ ಕಳೆ ತೆಗೆಯಲು ಹೋಗುತ್ತಿದ್ದಳು, ಕಾಲಿಗೆ ಅರಿವೆ ಸುತ್ತಿಕೊಂಡು.

ಹೆಂಗಸರು ಗಟಾರಕ್ಕೆ ಇಳಿದು ರಾಡಿ ಎತ್ತಿದರು. ನೀರು ಇಳಿದ ಮೇಲೆ ತಾರವ್ವ ಹಾಗೇ, ಮೊಣಕಾಲ ತನಕ ಕಪ್ಪಾಗಿ, ಅಂಗಡಿಯ ಮೆಟ್ಟಿಲು ಹತ್ತಿದಳು. ಯಾರೂ ತಡೆಯಲಿಲ್ಲ. ಗಿರಾಕಿಗಳು ಸರಿದು ನಿಂತರು.

ಶೇಟಜಿ ಡ್ರಾವರಿನಿಂದ ಮೂಗುಬಟ್ಟು ತೆಗೆದು ಗಾಜಿನ ಮೇಲಿಟ್ಟು ಬೆರಳಿನಿಂದ ಮುಂದೆ ದೂಡಿದ. "ತಗೋ. ಇಷ್ಟಕ್ಕ ಊರೆಲ್ಲ ಒಂದ ಮಾಡಿದಿ. ಇದರ ಬೆಲಿ ಎಷ್ಟ ಅಂತ ಗೊತ್ತೈತೇನ ನಿನಗ?"

"ಕೈಯಾಗ ಕೊಡ್ರಿ."

"ಏನು?"

ತಾರವ್ವ ಅಂಗೈ ಚಾಚಿದಳು. ಗೆರೆಗಳ ತುಂಬ ರಾಡಿ. ಶೇಟಜಿ ಬಟ್ಟನ್ನು ಎತ್ತಿ ಅಂಗೈಯ ಮೇಲೆ, ಎತ್ತರದಲ್ಲಿ ಹಿಡಿದ.

"ಮ್ಯಾಲಿಂದ ಬ್ಯಾಡ. ಇಡ್ರಿ."

ಶೇಟಜಿ ಬಾಗಿಲ ಕಡೆ ನೋಡಿದ. ಅಲ್ಲಿ ಮನೀಷಾ, ಆಕೆಯ ಹಿಂದೆ ಉಳಿದವರು, ಸಲಿಕೆ ಹಿಡಿದು ನಿಂತಿದ್ದರು. ಆತನ ಕೈ ಕೆಳಗೆ ಬಂತು. ಬೆರಳ ತುದಿ ಆಕೆಯ ಅಂಗೈಗೆ ತಾಗಿತು. ತಣ್ಣಗಿತ್ತು, ಮೆತ್ತಗಿತ್ತು. ಎಂದೂ ಏನನ್ನೂ ಎತ್ತದ ಬೆರಳು.

ತಾರವ್ವ ಮೂಗುಬಟ್ಟು ನೋಡಿದಳು. ಅದಕ್ಕೆ ತೂಕವೇ ಇರಲಿಲ್ಲ. ಆಮೇಲೆ ತಲೆ ಎತ್ತಿ ಕಪಾಟು ನೋಡಿದಳು. ಬೋರಮಾಳ, ಬಳೆ, ಸೊಂಟಪಟ್ಟಿ. ಎಷ್ಟು ಜನರ ಹಿಮ್ಮಡಿ, ಎಷ್ಟು ಜನರ ಉಗುರು ಅಂದುಕೊಂಡಳು. ಆಗ ಉರಿಯಿತು. ಹೊಟ್ಟೆಯ ಬುಡದಿಂದ, ಹಿಂದೆಂದೂ ಉರಿಯದ ಹಾಗೆ ಉರಿಯಿತು. ನನಗ್ಯಾಕೆ ಇಲ್ಲ? ನಮಗ್ಯಾಕೆ ಇಲ್ಲ?

ಮೆಟ್ಟಿಲು ಇಳಿಯುವಾಗ ದುಂಡೇಶ ಕಿವಿಯ ಹತ್ತಿರ ಬಂದು ಅಂದ, "ಹಬ್ಬ ಮುಗೀಲಿ. ನಿನ್ನನ್ನ ಪಾಯಿಖಾನಿ ತೊಳ್ಯಾಕ ಹಾಕ್ತೇನಿ."

"ಹಾಕ್ರಿ" ಅಂದಳು.

*

ಶೀತಲ ಬಾಗಿಲಲ್ಲಿ ಕೂತು ಹಿಮ್ಮಡಿಯ ಅರಿವೆ ಬಿಚ್ಚುತ್ತಿದ್ದಳು. ತಾರವ್ವ ಮೂಗುಬಟ್ಟನ್ನು ಆಕೆಯ ಕೈಯಲ್ಲಿ ಇಟ್ಟಳು. ಶೀತಲ ಮುಷ್ಟಿ ಮುಚ್ಚಿಕೊಂಡಳು. ಕೂರು ಅನ್ನಲಿಲ್ಲ. ಮೂಗಿನ ಹೊಳ್ಳೆಯ ಗಾಯ ಒಣಗಿ ತೂತು ಮುಚ್ಚಿತ್ತು. ಬಟ್ಟು ಹಾಕಬೇಕೆಂದರೆ ಮತ್ತೆ ಚುಚ್ಚಿಸಬೇಕು.

"ದುಂಡೇಶಗ ನಾನ ಹೇಳಿದ್ದೆ" ಅಂದಳು ತಾರವ್ವ.

"ಗೊತ್ತೈತಿ."

"ಯಾರ ಹೇಳಿದ್ರು?"

"ಯಾರ ಹೇಳಬೇಕು? ನನ್ನ ಹಿಮ್ಮಡಿ ಸುದ್ದಿ ಗೊತ್ತಿದ್ದಾಕಿ ನೀ ಒಬ್ಬಾಕಿ."

ತಾರವ್ವ ತಪ್ಪಾತು ಅನ್ನಬೇಕೆಂದು ಬಂದಿದ್ದಳು. ಆ ಹಿಮ್ಮಡಿಗಳನ್ನು ನೋಡಿದ ಮೇಲೆ ಆ ಮಾತು ಬಾಯಿಗೆ ಬರಲಿಲ್ಲ.

"ಈಗರ ಹೊಟ್ಟಿ ತಣ್ಣಗಾತೇನು?" ಅಂತ ಕೇಳಿದಳು ಶೀತಲ.

"ಇಲ್ಲ. ಇನ್ನೂ ಉರ್ಯಾಕತ್ತೈತಿ."

ಶೀತಲ ಮುಖ ಎತ್ತಿದಳು.

"ನಿನ್ನ ಮ್ಯಾಲ ಅಲ್ಲ" ಅಂದಳು ತಾರವ್ವ. "ಆ ಕಪಾಟಿನ ಮ್ಯಾಲ. ಅವತ್ತ ಅಲ್ಲೆ ಉರೀಬೇಕಾಗಿತ್ತು. ದಾರಿ ತಪ್ಪಿ ನಿನ್ನ ಮ್ಯಾಲ ಬಂತು."

ಅರಿವೆಯ ಕೊನೆಯ ಸುತ್ತು ಗಾಯಕ್ಕೆ ಅಂಟಿತ್ತು. ಶೀತಲ ಹಲ್ಲು ಕಚ್ಚಿ ಅದನ್ನು ಕಿತ್ತಳು. ಎದ್ದು ಗೋಡೆ ಹಿಡಿದು ಒಳಗೆ ಹೋದಳು. ತಾರವ್ವ ತನ್ನ ಬಾಗಿಲ ಕಡೆ ತಿರುಗಿದಾಗ ಒಳಗಿನಿಂದ ದನಿ ಬಂತು.

"ಹಂಗಿದ್ರ ಆ ಉರಿ ಆರಸಬ್ಯಾಡ."